ಅಮ್ಮನ ಕಿವಿಗೆ ಹೋದ ನಾಣ್ಯಗಳು

ನನ್ನ ಗಂಡನ ಹೊಟ್ಟೆಯಲ್ಲಿ ಏನೋ ಕೆಟ್ಟ ಕಾಯಿಲೆ ಸೇರಿಕೊಂಡಿದೆ ಎಂದೇ ನಾನು ತಿಳಿದಿದ್ದೆ. ಅವರು ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಮಹಡಿ ಹತ್ತಿ ಇಳಿದು, ಗ್ರೀಸು ಮೆತ್ತಿದ ಕೈ ತೊಳೆದುಕೊಂಡು ಕೂತರೆ ಎರಡಾಳಿನ ಊಟ ಒಬ್ಬರೇ ಮುಗಿಸುವ ಮನುಷ್ಯ. ಅಂಥವರು ಎರಡು ವಾರದಿಂದ ತಟ್ಟೆಯಲ್ಲಿದ್ದುದನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ತಳ್ಳಿ ಎದ್ದುಬಿಡುತ್ತಿದ್ದರು. ಕೇಳಿದರೆ "ಹಸಿವಿಲ್ಲ" ಅನ್ನುವರು. ಕರೆದರೆ ಮೂರನೇ ಸಲಕ್ಕೆ "ಆಂ?" ಅನ್ನುವರು. ಕಿವುಡಿಗೆ ಮನೆಯಲ್ಲಿ ನಮ್ಮಮ್ಮ ಒಬ್ಬಳಿದ್ದಳಲ್ಲ, ಸಾಕಾಗಿತ್ತು. ಕೊನೆಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ, ನಾಲಗೆ ನೋಡಿ, ರಕ್ತ ತೆಗೆಸಿ, "ಏನೂ ಇಲ್ಲಮ್ಮ. ಮನಸ್ಸಿಗೇನಾದರೂ ಹಚ್ಚಿಕೊಂಡಿದ್ದಾರಾ?" ಎಂದು ಕೇಳಿದರು.

"ಇವರು ಹಚ್ಚಿಕೊಳ್ಳೋದು ಗ್ರೀಸ್ ಒಂದನ್ನೇ ಡಾಕ್ಟ್ರೇ" ಅಂದೆ. ಡಾಕ್ಟರು ನಕ್ಕರು. ಇವರು ನಗಲಿಲ್ಲ.

ಆ ಭಾನುವಾರ ಮಧ್ಯಾಹ್ನ ನನ್ನ ತಮ್ಮ ಊಟಕ್ಕೆ ಬಂದಿದ್ದ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾನೆ. ವಾರವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕು ಒತ್ತುವವನಾದ್ದರಿಂದ ಭಾನುವಾರ ಅವನ ಬಾಯಿಗೆ ಬ್ರೇಕಿರುವುದಿಲ್ಲ. ತಿನ್ನುತ್ತಲೇ ಫೋನಿನಲ್ಲಿ ಸುದ್ದಿ ಓದುತ್ತಿದ್ದ.

"ಅಕ್ಕಾ, ಈ ಬಿಟ್‌ಕಾಯಿನ್ ಅಂತಾರಲ್ಲ, ಕಂಪ್ಯೂಟರಿನೊಳಗಷ್ಟೇ ಇರೋ ನಾಣ್ಯ, ಅದರ ಬೆಲೆ ನೋಡು. ಹೋದ ತಿಂಗಳಿಗಿಂತ ಎರಡರಷ್ಟು! ಒಂದೇ ಒಂದು ನಾಣ್ಯಕ್ಕೆ ನನ್ನ ಕಾರು ಬರುತ್ತೆ." ಆಮೇಲೆ ಏನೋ ನೆನಪಾಗಿ ತಲೆಯೆತ್ತಿದ. "ಭಾವ, ನಿಮ್ಮ ಹಳೇ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಕಂಪ್ಯೂಟರ್ ಗುಂಯ್‌ಗುಡ್ತಾ ಇರ್ತಿತ್ತಲ್ಲ, ಅದು ಇದನ್ನೇ ಮಾಡ್ತಿತ್ತಾ?"

ಇವರು ಚಮಚ ಕೆಳಗಿಟ್ಟರು. "ಹೂಂ."

"ಎಷ್ಟು ಬಂದಿತ್ತು?"

"ನಾನೂರು."

"ನಾನೂರು ಏನು? ನಾನೂರರಷ್ಟು ದುಡ್ಡಾ?"

"ನಾಣ್ಯ. ನಾನೂರು ನಾಣ್ಯ."

ತಮ್ಮ ಫೋನಿನಲ್ಲಿ ಗುಣಿಸಿದ. ಪರದೆ ನೋಡಿದ. ಅಳಿಸಿ ಮತ್ತೆ ಗುಣಿಸಿದ. ಫೋನು ಕೆಟ್ಟಿದೆ ಅಂದುಕೊಂಡನೋ ಏನೋ, ನನ್ನ ಫೋನು ಕಸಿದುಕೊಂಡು ಅದರಲ್ಲೂ ಗುಣಿಸಿದ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಸೊನ್ನೆ ಎಣಿಸತೊಡಗಿದ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅವನು ಹಾಗೆ ಸುಮ್ಮನಾದದ್ದು ಅದೇ ಮೊದಲು.

ನಾನೂ ನೋಡಿದೆ. ಎದೆ ಧಸಕ್ಕೆಂದಿತು ಅನ್ನುತ್ತಾರಲ್ಲ, ನನಗೆ ಹಾಗೂ ಆಗಲಿಲ್ಲ. ಮೊದಲು ಏನೂ ಆಗಲೇ ಇಲ್ಲ. ಆ ಅಂಕಿಯನ್ನು ತಲೆಯೊಳಗೆ ಬಿಟ್ಟುಕೊಳ್ಳಲು ಜಾಗವಿರಲಿಲ್ಲ. ಆಮೇಲೆ ಕಿಟಕಿಯಾಚೆ ಕಣ್ಣು ಹೋಯಿತು. ಎದುರಿನ ಕಟ್ಟಡ, ಅದರ ಪಕ್ಕದ್ದು, ಅದರಾಚೆ ಬ್ಯಾಂಕಿರುವುದು. ಆ ದುಡ್ಡಿಗೆ ಬೀದಿಯ ಆ ಮಗ್ಗುಲು ಪೂರ್ತಿ ಬರುತ್ತಿತ್ತು. ಆಗ ಕೈ ತಾಗಿ ನೀರಿನ ಲೋಟ ಉರುಳಿತು. ಹರಿದ ನೀರನ್ನು ಯಾರೂ ಒರೆಸಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?" ಅಂದೆ.

"ಎರಡು ವಾರವಾಯ್ತು" ಅಂದರು ಇವರು. "ದಿನಾ ನೋಡ್ತಿದ್ದೀನಿ. ದಿನಾ ಏರ್ತಿದೆ."

ಡಾಕ್ಟರಿಗೆ ಕೊಟ್ಟ ಫೀಸು ದಂಡ ಎಂದು ಆ ಗಳಿಗೆಯಲ್ಲೂ ನನಗೆ ಅನಿಸಿತು. ಮನುಷ್ಯರ ಬುದ್ಧಿ ಹೀಗೆ.

ಆ ನಾಣ್ಯಗಳ ಕತೆ ಹೇಳಿಬಿಡುತ್ತೇನೆ. ಇದಕ್ಕೆ ಆರೇಳು ವರ್ಷದ ಹಿಂದೆ ನಾವು ಇನ್ನೊಂದು ಮನೆಯಲ್ಲಿದ್ದೆವು. ಯಾವುದೋ ಆಫೀಸಿನವರು ಬಿಸಾಡಿದ ಕಂಪ್ಯೂಟರನ್ನು ಇವರು ಹೊತ್ತು ತಂದು, ಬಿಚ್ಚಿ ಜೋಡಿಸಿ, ಮೆಟ್ಟಿಲ ಕೆಳಗೆ ಇಟ್ಟಿದ್ದರು. ಅದು ಹಗಲೂ ರಾತ್ರಿ ಓಡುತ್ತಿತ್ತು. "ಏನ್ರೀ ಮಾಡುತ್ತೆ ಇದು?" ಎಂದರೆ "ನಾಣ್ಯ ಅಗೀತಿದೆ" ಅನ್ನುವರು. "ಗುದ್ದಲಿ ಎಲ್ಲಿ?" ಅನ್ನುತ್ತಿದ್ದೆ ನಾನು. ಬೆಟ್ಟ ಅಗೆದು ಇಲಿ ಹಿಡಿಯುವವರ ಬಗ್ಗೆ ಕೇಳಿದ್ದೆ, ಇಲ್ಲಿ ಇಲಿಯೂ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಅದರ ಬೆನ್ನಿಂದ ಬರುವ ಬಿಸಿ ಗಾಳಿಗೆ ಚಳಿಗಾಲದಲ್ಲಿ ಕಾಲುಚೀಲಗಳು ಚೆನ್ನಾಗಿ ಒಣಗುತ್ತಿದ್ದವು. ಅದಕ್ಕೇ ನಾನು ಅದನ್ನು ಸಹಿಸಿಕೊಂಡಿದ್ದೆ.

ಅದೇ ವರ್ಷ ಅಪ್ಪನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಪಿಸುಗುಟ್ಟಿದಷ್ಟು ಸದ್ದು ಬರುತ್ತಿತ್ತು, ಅಷ್ಟೆ. ಅಮ್ಮನಿಗೆ ಅಷ್ಟರಲ್ಲಾಗಲೇ ಕಿವಿ ಮಂದವಾಗಿತ್ತು. ಅಪ್ಪ ಕೂಗಿ ಮಾತಾಡುತ್ತಿದ್ದಷ್ಟು ದಿನ ಅದೊಂದು ತೊಂದರೆ ಅಂತ ಯಾರಿಗೂ ಅನಿಸಿರಲಿಲ್ಲ. ಇನ್ನು ಕೂಗಲಾರದ ಗಂಡ, ಕೇಳಿಸದ ಹೆಂಡತಿ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಕೈಸನ್ನೆ ಮಾಡುತ್ತಿದ್ದರು. ಒಂದು ದಿನ ನಾನು ಹೋದಾಗ ಅಪ್ಪ ಅಮ್ಮನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದರು, ಅಮ್ಮ "ಏನು? ಏನು?" ಎಂದು ಅಳುತ್ತಿದ್ದಳು.

ಕಿವಿ ಮಿಷನ್ನು ಕೊಳ್ಳಲು ನಮ್ಮಲ್ಲೂ ತಮ್ಮನಲ್ಲೂ ದುಡ್ಡಿರಲಿಲ್ಲ. ಆಗ ಇವರು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಈ ನಾಣ್ಯದ ಹುಚ್ಚೇ ಇದ್ದ ಒಬ್ಬ ಕಿವಿ ಮಿಷನ್ ಅಂಗಡಿಯವನನ್ನು ಹಿಡಿದರು. ಅವನು ನಾನೂರಕ್ಕೆ ನಾನೂರೂ ತೆಗೆದುಕೊಂಡು ಎರಡು ಕಿವಿಗೂ ಒಳ್ಳೆಯ ಮಿಷನ್ ಕೊಟ್ಟ. "ಇಲ್ಲದ ನಾಣ್ಯಕ್ಕೆ ಇರೋ ಸಾಮಾನು ಕೊಡ್ತಾನಲ್ಲ, ಪಾಪ, ಎಂಥ ಪೆದ್ದನೋ" ಎಂದು ನಾವು ದಾರಿಯುದ್ದಕ್ಕೂ ನಕ್ಕಿದ್ದೆವು. ಆ ಮೇಲೆ ಕಂಪ್ಯೂಟರೂ ಸುಟ್ಟುಹೋಯಿತು. ಅಪ್ಪ ಇನ್ನೊಂದು ವರ್ಷ ಬದುಕಿದ್ದು ತೀರಿಕೊಂಡರು. ಅಮ್ಮ ನಮ್ಮ ಜೊತೆ ಬಂದಳು.

ಭಾನುವಾರದ ಆ ಮೇಜಿಗೆ ಮತ್ತೆ ಬರುತ್ತೇನೆ. ತಮ್ಮನಿಗೆ ಮಾತು ವಾಪಸು ಬಂತು. "ಅಯ್ಯೋ ಭಾವಾ! ಒಂದು ಬೀದಿ! ಒಂದು ಬೀದಿಗೆ ಬೀದಿಯನ್ನೇ ತಗೊಂಡು ಹೋಗಿ ಅಮ್ಮನ ಕಿವಿಗೆ ತುರುಕಿದ್ರಲ್ಲಾ!"

ಅಮ್ಮ ಮೇಜಿನ ಆ ತುದಿಯಲ್ಲಿ ಕೂತಿದ್ದಳು. ಅವಳ ಕಿವಿಯಲ್ಲಿ ಮಿಷನ್ನುಗಳಿದ್ದವು. ಚೆನ್ನಾಗಿ ಕೇಳಿಸಿತು.

ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು. ಮರುದಿನ ಬೆಳಿಗ್ಗೆ ಬಂದಾಗ ಕಿವಿ ಬರಿದಾಗಿತ್ತು. ಮಿಷನ್ನುಗಳನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಹಾಕ್ಕೋ ಅಮ್ಮ!"

"ಅಷ್ಟು ಬೆಲೆಯ ಸಾಮಾನು ಕಿವಿಯಲ್ಲಿಟ್ಕೊಂಡು ಪಾತ್ರೆ ತೊಳೀಲಾ? ನೀರು ಬಿದ್ರೆ? ಯಾರಾದ್ರೂ ಕಿವೀನೇ ಕತ್ತರಿಸ್ಕೊಂಡು ಹೋದ್ರೆ?"

"ಅಮ್ಮಾ, ಮಿಷನ್ನಿಗೆ ಅಷ್ಟು ಬೆಲೆ ಇಲ್ಲ! ಅದಕ್ಕೆ ಕೊಟ್ಟ ನಾಣ್ಯಕ್ಕೆ ಅಷ್ಟು ಬೆಲೆ!"

"ಆಂ?"

ನಾನು ಇನ್ನೂ ಜೋರಾಗಿ ಹೇಳಿದೆ. ಎಷ್ಟು ಬೆಲೆ ಅಂದಳು. ಅದನ್ನೂ ಕೂಗಿ ಹೇಳಿದೆ. ಗುಟ್ಟನ್ನು ಕಿವುಡರಿಗೆ ಹೇಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಕೆಳಗಿನ ಮನೆಯ ಕಿಟಕಿ ತೆರೆದ ಸದ್ದಾಯಿತು. ಸಂಜೆ ನಾನು ಕೆಲಸದಿಂದ ಬರುವಾಗ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತ್ತು. ಕೆಳಗಿನ ಮನೆಯಾಕೆ ಸಾವಿನ ಮನೆಗೆ ಬಂದ ಹಾಗೆ ಮುಖ ಮಾಡಿಕೊಂಡು ಬಂದು, ನನ್ನ ಕೈ ಹಿಡಿದು, "ಧೈರ್ಯ ತಗೊಳ್ಳಿ" ಎಂದಳು. ಕಣ್ಣಲ್ಲಿ ಮಾತ್ರ ಮದುವೆ ಮನೆಯ ಕಳೆ.

ಧೈರ್ಯ ಎಲ್ಲಿಂದ ತರಲಿ? ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಆ ವಾರ ಒಬ್ಬರ ಬಲಗಣ್ಣಿನ ಗಾಜನ್ನು ಎಡಗಣ್ಣಿನ ಅಳತೆಗೆ ಉಜ್ಜಿ ಹಾಳು ಮಾಡಿದೆ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಮಾಡಿರಲಿಲ್ಲ. ಗಾಜು ಉಜ್ಜುವ ಮಿಷನ್ನು ತಿರುಗುತ್ತಿದ್ದರೆ ಕಣ್ಣ ಮುಂದೆ ಕಟ್ಟಡಗಳು ಬರುತ್ತಿದ್ದವು. ಮನೆಗೆ ಹೋದರೆ ಒಂದು ಕಡೆ ಮಾತೇ ಆಡದ ಗಂಡ, ಇನ್ನೊಂದು ಕಡೆ ಮಾತೇ ಕೇಳಿಸದ ಅಮ್ಮ. ಮತ್ತೆ ಅಪ್ಪನ ಮನೆಯ ಹಾಗೇ ಆಗಿಹೋಯಿತು.

ತಮ್ಮ ಸುಮ್ಮನಿರಲಿಲ್ಲ. ಗುರುವಾರ ಮಧ್ಯಾಹ್ನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. "ಏಳಿ ಭಾವ, ಆ ಅಂಗಡಿಯವನ ಹತ್ತಿರ ಹೋಗೋಣ."

"ಹೋಗಿ ಏನು ಕೇಳೋದು? ನಾನೇ ಕೊಟ್ಟೆ, ಅವನು ತಗೊಂಡ. ಮುಗೀತು" ಅಂದರು ಇವರು.

"ಮನುಷ್ಯತ್ವ ಅಂತ ಒಂದಿರುತ್ತಲ್ಲ? ನಾನೂರರಲ್ಲಿ ಹತ್ತು ವಾಪಸ್ ಕೊಡಲಿ. ಐದು ಕೊಡಲಿ. ಅವನು ಅರಮನೆಯಲ್ಲಿ ಕೂತಿರ್ತಾನೆ, ಅವನಿಗೇನು ಕಷ್ಟ?"

ಎಲ್ಲಿಗೆ ಹೊರಟಿದ್ದೇವೆಂದು ಅಮ್ಮ ಹೇಗೋ ಊಹಿಸಿದಳು. ಬೀರು ತೆಗೆದು ಡಬ್ಬಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಳು. "ಸಾಮಾನು ಹಾಗೇ ಇದೆ, ಒಂದು ಗೀರೂ ಬಿದ್ದಿಲ್ಲ" ಅಂದಳು. "ವಾಪಸ್ ಕೊಟ್ಟು ನಾಣ್ಯ ಈಸ್ಕೊಂಡು ಬರೋಣ." ಇವರು ಅವಳ ಮುಖ ನೋಡಿದರು. ಆಮೇಲೆ ಅವಳ ಪಕ್ಕದಲ್ಲಿ ಹತ್ತಿ ಕೂತರು. ಕಲಿಯುವವರ ಕಾರು ಎಂದು ತಲೆಯ ಮೇಲೆ ಬೋರ್ಡು ಹೊತ್ತಿದ್ದ ಆ ಬಂಡಿಗೆ ದಾರಿಯುದ್ದಕ್ಕೂ ಎಲ್ಲರೂ ಹೆದರಿ ದಾರಿ ಬಿಟ್ಟರು.

ನಾನು ಅಮೃತಶಿಲೆಯ ಮೆಟ್ಟಿಲು, ಬಾಗಿಲಲ್ಲಿ ಕಾವಲುಗಾರ, ಇಂಥದ್ದನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಅಂಗಡಿ ಅಲ್ಲೇ ಇತ್ತು. ಚಪ್ಪಲಿ ರಿಪೇರಿಯವನಿಗೂ ಬಣ್ಣದ ಡಬ್ಬಿ ಮಾರುವವನಿಗೂ ನಡುವೆ, ಅಷ್ಟೇ ಇಕ್ಕಟ್ಟಾಗಿ. ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆವು. ಅದೇ ಮೂರು ಕುರ್ಚಿ, ಗೋಡೆಯ ಮೇಲೆ ಅದೇ ದೊಡ್ಡ ಪ್ಲಾಸ್ಟಿಕ್ ಕಿವಿ, ಅದರ ಮೇಲೆ ಧೂಳು. ಮೇಜಿನ ಹಿಂದೆ ಅಂಗಡಿಯವನು ತಲೆ ತಗ್ಗಿಸಿ ಒಂದು ಸಣ್ಣ ಮಿಷನ್ನನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ತಲೆಯೆತ್ತಿ ನಮ್ಮವರನ್ನು ನೋಡಿದ್ದೇ ತಡ, ಮುಖದ ರಕ್ತವೆಲ್ಲ ಇಳಿದುಹೋಯಿತು.

"ಬಂದ್ರಾ" ಅಂದ. "ಒಂದಲ್ಲ ಒಂದು ದಿನ ಬರ್ತೀರಿ ಅಂತ ಗೊತ್ತಿತ್ತು."

ತಮ್ಮ ಮುಂದೆ ನುಗ್ಗಿದ. "ನೋಡಿ ಸ್ವಾಮಿ, ನಾವು ಜಗಳಕ್ಕೆ ಬಂದಿಲ್ಲ. ನಾನೂರು ನಾಣ್ಯ..."

"ಮೆಲ್ಲಗೆ!" ಅಂಗಡಿಯವನು ಹಿಂದಿನ ಪರದೆಯ ಕಡೆ ಕೈ ತೋರಿಸಿದ. "ಒಳಗೆ ನನ್ನ ಹೆಂಡತಿ ಇದ್ದಾಳೆ. ಅವಳಿಗೇನೂ ಗೊತ್ತಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಮೆಲ್ಲಗೆ." ಆಮೇಲೆ ಉಸಿರಿನಲ್ಲೇ ಹೇಳಿದ. "ನನ್ನ ಹತ್ತಿರ ಒಂದೂ ಇಲ್ಲ. ಆ ವಾರವೇ ಮಾರಿಬಿಟ್ಟೆ. ಹಳೇ ಬಾಗಿಲು ಒಡೆದು ಕಳ್ಳರು ಬಂದಿದ್ದರು. ಹೊಸ ಬಾಗಿಲು ಹಾಕಿಸಬೇಕಿತ್ತು. ನೀವು ಈಗ ತಳ್ಳಿಕೊಂಡು ಬಂದ್ರಲ್ಲ, ಅದೇ."

ನಾವು ಮೂವರೂ ಹಿಂತಿರುಗಿ ಬಾಗಿಲು ನೋಡಿದೆವು. ಸಾಧಾರಣ ಗಾಜಿನ ಬಾಗಿಲು. ಕೆಳಗಿನ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಅದಕ್ಕೆ ಟೇಪು ಅಂಟಿಸಿದ್ದ.

"ಯಾರಿಗೆ ಮಾರಿದ್ರಿ?" ಇವರು ಕೇಳಿದರು. ಅಂಗಡಿಗೆ ಬಂದ ಮೇಲೆ ಇವರ ಮೊದಲ ಮಾತು ಅದು.

"ಯಾರಿಗೋ. ಕಂಪ್ಯೂಟರಿನಾಚೆ ಯಾರೋ. ಹೆಸರೂ ಗೊತ್ತಿಲ್ಲ." ಅವನು ಕೈ ಚೆಲ್ಲಿದ. "ನೀವು ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ?"

"ಮೂರು ವಾರ."

"ನಾನೂ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಒಂದೇ ಬಸ್ಸು ತಪ್ಪಿಸಿಕೊಂಡವರ ಹಾಗೆ.

ಇಷ್ಟೂ ಪಿಸುಮಾತಿನಲ್ಲಿ ನಡೆದದ್ದು. ಡಬ್ಬಿ ಹಿಡಿದು ಕುರ್ಚಿಯಲ್ಲಿ ಕೂತಿದ್ದ ಅಮ್ಮನಿಗೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅವಳು ತಮ್ಮನ ತೋಳು ಜಗ್ಗಿದಳು. "ಏನಂತೋ? ಕೊಡ್ತಾನಂತಾ?"

ತಮ್ಮನಿಗೆ ಸಿಟ್ಟು, ಸಂಕಟ, ನಿರಾಸೆ ಎಲ್ಲ ಒಟ್ಟಿಗೆ ನೆತ್ತಿಗೇರಿತ್ತು. ಅಭ್ಯಾಸಬಲದಲ್ಲಿ ಬಾಯಿ ಬಿಟ್ಟೇಬಿಟ್ಟ. "ಮಾರಿಬಿಟ್ಟನಂತಮ್ಮಾ! ನಾನೂರೂ ಮಾರಿಬಿಟ್ಟನಂತೆ! ಇವತ್ತು ಒಂದು ಬೀದಿ ಕೊಳ್ಳಬಹುದಿತ್ತು, ಆ ದುಡ್ಡಲ್ಲಿ ಈ ಬಾಗಿಲು ಹಾಕಿಸಿದನಂತೆ!"

ಪರದೆ ಸರಿಯಿತು. ಅಂಗಡಿಯವನ ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. ನನ್ನ ವಯಸ್ಸಿನವಳೇ. ಮೊದಲು ಗಂಡನನ್ನು ನೋಡಿದಳು, ಆಮೇಲೆ ಬಾಗಿಲನ್ನು.

"ಯಾವ ಬೀದಿ?" ಅಂದಳು.

ಅವನು ಹೇಳಿದ. ಅವಳು ಕೈ ಒರೆಸಿಕೊಳ್ಳಲಿಲ್ಲ, ಕೂಗಲಿಲ್ಲ, ಅಳಲೂ ಇಲ್ಲ. ಹಿಂದಕ್ಕೆ ಸರಿದು ಸರಿದು, ಕಿವಿ ಪರೀಕ್ಷೆಗೆ ಬಂದವರನ್ನು ಕೂರಿಸುವ ಕುರ್ಚಿಗೆ ಕಾಲು ತಾಗಿದಾಗ ಧೊಪ್ಪನೆ ಕೂತಳು. ಅವಳ ಮುಖ ನೋಡಲಾಗಲಿಲ್ಲ. ಆ ಭಾನುವಾರ ಊಟದ ಮೇಜಿನಲ್ಲಿ ನನ್ನ ಮುಖವೂ ಹೀಗೇ ಇದ್ದಿರಬೇಕು ಅಂತ ಆಗ ಹೊಳೆಯಿತು. ಹೋಗಿ ಪಕ್ಕದಲ್ಲಿ ಕೂತು ಅವಳ ಒದ್ದೆ ಕೈ ಹಿಡಿದುಕೊಂಡೆ. ಮಂಜಿನಷ್ಟು ತಣ್ಣಗಿತ್ತು.

"ಈ ಬಾಗಿಲಿಗೆ ದಿನಾ ಸೋಪು ಹಾಕಿ ಒರೆಸ್ತೀನಲ್ಲ" ಎಂದಳು, ಯಾರಿಗೂ ಅಲ್ಲದ ಹಾಗೆ.

ಅಷ್ಟರಲ್ಲಿ ಅಮ್ಮ ಡಬ್ಬಿ ತೆಗೆದು, ಹತ್ತಿ ಬಿಚ್ಚಿ, ಎರಡು ಮಿಷನ್ನನ್ನೂ ಕಿವಿಗೆ ಹಾಕಿಕೊಳ್ಳುತ್ತಿದ್ದಳು. "ಇಷ್ಟು ಜನ ಸತ್ತವರ ಹಾಗೆ ಕೂತಿದ್ದೀರಿ. ಏನು ಮಾತಾಡ್ತಿದ್ದೀರಿ ಅಂತ ನನಗೂ ಗೊತ್ತಾಗಬೇಕಲ್ಲ" ಅಂದಳು. ನಾನು ಮೊದಲಿಂದ ಎಲ್ಲ ಹೇಳಿದೆ, ಈ ಸಲ ಕೂಗದೆ. ಅವಳು ತಲೆಯಾಡಿಸುತ್ತಾ ಕೇಳಿದಳು.

"ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು" ಎಂದಳು. ಆಮೇಲೆ ಅಳಿಯನ ಕಡೆ ತಿರುಗಿದಳು. "ಅಳಿಯಂದ್ರೇ, ನಿಜ ಹೇಳಲಾ? ಆವತ್ತು ನೀವು ನನ್ನನ್ನ ಕೇಳಿದ್ರೆ, ಬೀದಿ ಬೇಕಾ, ಕಿವಿ ಬೇಕಾ ಅಂತ, ನಾನು ಬೀದೀನೇ ಕೇಳ್ತಿದ್ದೆ. ನಮ್ಮೆಜಮಾನ್ರೂ ಅದನ್ನೇ ಅಂತಿದ್ರು. ಅವರು ಆ ವರ್ಷವೆಲ್ಲ ಪಿಸುಗುಟ್ಟಿದ್ದರಲ್ಲಿ ಅರ್ಧ ನನ್ನ ಅಡುಗೆಗೆ ಬೈದಿದ್ದೇ. ಅದನ್ನ ಕೇಳಿಸ್ಕೊಳ್ಳೋದಕ್ಕೆ ಒಂದು ಬೀದಿ ಕೊಡಬೇಕಿತ್ತಾ?"

ತಮ್ಮ ಕಿಸಕ್ಕನೆ ನಕ್ಕು, ನಕ್ಕದ್ದಕ್ಕೆ ತಾನೇ ಗಾಬರಿಯಾದ.

"ಇನ್ನರ್ಧ?" ಅಂದಳು ಅಂಗಡಿಯವನ ಹೆಂಡತಿ.

ಅಮ್ಮ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. "ಇನ್ನರ್ಧ ಏನೇನೋ. ಹಳೇದು, ಹೊಸದು. ನಲವತ್ತು ವರ್ಷ ಜೋರಾಗಿ ಮಾತಾಡಿದ ಮನುಷ್ಯ, ಮೆಲ್ಲಗೆ ಮಾತಾಡೋದಕ್ಕೆ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೊನೇ ದಿನ 'ಕಿಟಕಿ ತೆಗಿ' ಅಂದ್ರು. ನಾನು ಅಡುಗೆಮನೆ ಬಾಗಿಲಲ್ಲಿದ್ದೆ. ಕೇಳಿಸ್ತು. ತೆಗೆದೆ. ಗಾಳಿ ಬಂತು. ಅಷ್ಟೇ. ಆಮೇಲೆ ಅವರು ಏನೂ ಕೇಳಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರೂ ಬೀದಿ ಅಂದ್ರೆ ಬೀದೀನೇ ಬಿಡಿ. ಸುಳ್ಳು ಯಾಕೆ ಹೇಳಲಿ."

ಈ ಕತೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ನಿದ್ದೆಯಲ್ಲೇ ಹೋದರು ಅಂತ ಅಮ್ಮ ಹೇಳಿದ್ದಳು, ನಾವು ನಂಬಿದ್ದೆವು. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಆ ಪ್ಲಾಸ್ಟಿಕ್ ಕಿವಿಯ ಎದುರು ನಿಂತಿದ್ದರು. ಬೆನ್ನು ಅಲ್ಲಾಡುತ್ತಿತ್ತು. ಅತ್ತರೋ ನಕ್ಕರೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಿಲ್ಲ. ಅಂಗಡಿಯವನು ಎದ್ದು ಬಂದು ಅಮ್ಮನ ಕಿವಿಯಿಂದ ಮಿಷನ್ನು ತೆಗೆದು, ಒಳಗಿನ ಸಣ್ಣ ನಳಿಕೆ ಬದಲಾಯಿಸಿ, ಹೊಸ ಬ್ಯಾಟರಿ ಹಾಕಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಹೊರಡುವಾಗ ನಾವೆಲ್ಲ ಆ ಬಾಗಿಲನ್ನು ಹಸುಗೂಸಿನ ತೊಟ್ಟಿಲು ಮುಟ್ಟಿದ ಹಾಗೆ ಮೆಲ್ಲಗೆ ತೆರೆದು, ಮೆಲ್ಲಗೆ ಮುಚ್ಚಿದೆವು.

ಆಘಾತ ಹೋಯಿತು ಅಂತ ಹೇಳಲಾರೆ. ಅಮ್ಮ ಮಿಷನ್ನು ಹಾಕಿಕೊಂಡೇ ಪಾತ್ರೆ ತೊಳೆಯುತ್ತಾಳೆ. ಇವರು ಬೆಲೆ ನೋಡುವುದನ್ನು ಬಿಟ್ಟಿದ್ದಾರೆ, ತಮ್ಮ ಬಿಟ್ಟಿಲ್ಲ. ಆದರೆ ನನಗೆ ಈಗಲೂ ಯಾವುದಾದರೂ ಬೀದಿಯಲ್ಲಿ ನಡೆಯುವಾಗ ಇದ್ದಕ್ಕಿದ್ದ ಹಾಗೆ ಆ ಸೊನ್ನೆಗಳು ನೆನಪಾಗುತ್ತವೆ. ನಿಂತು, ಅಂಗಡಿ ಸಾಲನ್ನು ಒಮ್ಮೆ ನೋಡಿ, ಮುಂದೆ ಹೋಗುತ್ತೇನೆ.

ಅಂಗಡಿಯವನ ಹೆಂಡತಿ ನನ್ನ ನಂಬರು ತೆಗೆದುಕೊಂಡಿದ್ದಳು. ಆಗಾಗ ಫೋನು ಮಾಡುತ್ತಾಳೆ. ಈ ದುಃಖ ಬೇರೆ ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೇ ನಮಗಿಬ್ಬರಿಗೂ ಒಬ್ಬರಿಗೊಬ್ಬರು ಬೇಕು. ಹೋದ ವಾರ ಮಧ್ಯಾಹ್ನ ನಾನು ಗಾಜು ಉಜ್ಜುತ್ತಿದ್ದಾಗ ಫೋನು ಬಂತು. ಧ್ವನಿ ವಿಚಿತ್ರವಾಗಿತ್ತು.

"ಅಕ್ಕಾ, ನಿಮ್ಮವರೊಬ್ಬರೇ ಅಲ್ಲವಂತೆ. ನಮ್ಮವರು ಇವತ್ತು ಬಾಯಿ ಬಿಟ್ಟರು. ಅದೇ ವರ್ಷ ಇನ್ನೂ ಇಬ್ಬರು ನಾಣ್ಯ ಕೊಟ್ಟು ಮಿಷನ್ ತಗೊಂಡಿದ್ರಂತೆ. ಅದನ್ನೂ ಮಾರಿ ನಮ್ಮ ಮನೆಗೆ ನೆಲದ ಟೈಲ್ಸ್ ಹಾಕಿಸಿದ್ರಂತೆ."

ನನ್ನ ಕೈ ಗಾಜು ಉಜ್ಜುವ ಮಿಷನ್ನಿನ ಸ್ವಿಚ್ಚಿಗೆ ಹೋಯಿತು. ಸದ್ದು ನಿಂತಿತು. "ಅಯ್ಯೋ. ಮೊದಲು ಎಲ್ಲಾದರೂ ಕೂತ್ಕೊಳ್ಳಿ" ಅಂದೆ.

"ಹೇಗೆ ಕೂರಲಿ ಅಕ್ಕ? ಮನೆ ನಡುವೆ ನಿಂತಿದ್ದೀನಿ. ಕಾಲು ಎಲ್ಲಿಡೋದು ಅಂತಲೇ ಗೊತ್ತಾಗ್ತಿಲ್ಲ."